ಎರಡು ಮಾರ್ಕಿನ ಪ್ರಶ್ನೆ, ಮೂರು ಕೆಲ್ವಿನ್ ಉತ್ತರ

ಪಿಯುಸಿ ಸೈನ್ಸ್ ಮುಗಿಸಿ ಈ ಕ್ಯಾಂಪಸ್‌ಗೆ ಬಂದ ಎಲ್ಲರಿಗೂ ಒಂದು ಪ್ರಶ್ನೆ ಬಾಯಿಪಾಠ ಇರತ್ತೆ. 'ನೀರು ದ್ರವ, ಹೈಡ್ರೋಜನ್ ಸಲ್ಫೈಡ್ ಅನಿಲ. ಕಾರಣ ಕೊಡಿ.' ಆಕ್ಸಿಜನ್, ಸಲ್ಫರ್ ಎರಡೂ ಪೀರಿಯಾಡಿಕ್ ಟೇಬಲ್‌ನ ಒಂದೇ ಕಂಬದಲ್ಲಿ ಮೇಲೆ ಕೆಳಗೆ ಕೂತಿವೆ. ನೀರಿನ ಅಣುತೂಕ 18, ಹೈಡ್ರೋಜನ್ ಸಲ್ಫೈಡಿನದು 34. ತೂಕ ಜಾಸ್ತಿ ಇರೋದೇ ಹೆಚ್ಚು ಬಿಸಿಗೆ ಕುದಿಯಬೇಕಿತ್ತು. ಆದರೆ ನೀರು ಕುದಿಯೋದು 100 ಡಿಗ್ರಿಗೆ, ಹೈಡ್ರೋಜನ್ ಸಲ್ಫೈಡ್ ಕುದಿಯೋದು ಸೊನ್ನೆಗಿಂತ 60 ಡಿಗ್ರಿ ಕೆಳಗೆ. ಉತ್ತರ: 'ನೀರಿನಲ್ಲಿ ಹೈಡ್ರೋಜನ್ ಬಂಧ ಇದೆ, ಹೈಡ್ರೋಜನ್ ಸಲ್ಫೈಡಿನಲ್ಲಿ ಇಲ್ಲ.' ಎರಡು ಮಾರ್ಕು. ಮುಂದಿನ ಪ್ರಶ್ನೆ.

ಈ ಉತ್ತರಕ್ಕೆ ದೊಡ್ಡವರ ಬೆಂಬಲ ಇದೆ. 1939ರಲ್ಲಿ ಬಂದ ಲೈನಸ್ ಪೌಲಿಂಗ್ ಅವರ ರಾಸಾಯನಿಕ ಬಂಧದ ಪುಸ್ತಕದ ಕಾಲದಿಂದಲೂ ಒಂದು ವಾದ ನಡೆದು ಬಂದಿದೆ. ಮಂಜುಗಡ್ಡೆಯಲ್ಲಿ ಒಂದು ನೀರಿನ ಅಣುವಿಗೆ ನಾಲ್ಕೇ ನೆರೆಹೊರೆ. ನಾಲ್ಕು ದಿಕ್ಕಿಗೆ ನಾಲ್ಕು ಕೈ ಚಾಚಿ ಹಿಡಿದುಕೊಂಡ ಹಾಗೆ. ಗಟ್ಟಿಯಾದ ಹೈಡ್ರೋಜನ್ ಸಲ್ಫೈಡಿನಲ್ಲಿ ಒಂದು ಅಣುವಿನ ಸುತ್ತ ಹನ್ನೆರಡು. ಸಂತೆಯಲ್ಲಿ ಲಿಂಬೆಹಣ್ಣು ರಾಶಿ ಹಾಕಿದ ಹಾಗೆ, ಯಾರ ಕೈಯೂ ಯಾರಿಗೂ ಬೇಕಿಲ್ಲ. ಆದ್ದರಿಂದ ಅಲ್ಲಿ ಹೈಡ್ರೋಜನ್ ಬಂಧ ಇಲ್ಲ ಅಂತ.

2018ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಇ. ಅರುಣನ್ ಮತ್ತು ಅವರ ಸಂಗಡಿಗರು, ಅಮೆರಿಕ ಮತ್ತು ಬ್ರಿಟನ್ನಿನ ಸಂಶೋಧಕರ ಜೊತೆ ಸೇರಿ, ಇದಕ್ಕೆ ಬೇರೆ ಉತ್ತರ ಪ್ರಕಟಿಸಿದರು. ಎರಡೇ ಎರಡು ಹೈಡ್ರೋಜನ್ ಸಲ್ಫೈಡ್ ಅಣುಗಳನ್ನ ತುಂಬಾ ತಣ್ಣಗೆ ಮಾಡಿ ಒಟ್ಟಿಗೆ ಬಿಟ್ಟರೆ ಅವು ಹೈಡ್ರೋಜನ್ ಬಂಧದಿಂದಲೇ ಹಿಡಿದುಕೊಳ್ಳುತ್ತವೆ, ಅದೂ ನೀರಿನ ಎರಡು ಅಣುಗಳು ಹಿಡಿದುಕೊಳ್ಳುವ ರೀತಿಯಲ್ಲೇ.

ಕಳೆದ ಸೆಮ್‌ನಲ್ಲಿ ಸೆಮಿನಾರಿಗೆ ಅಂತ ನಾನು ಈ ವಿಷಯ ಹಿಡಿದೆ. ಕೆಮಿಸ್ಟ್ರಿ ವಿಷಯ ಅಂತ ಶುರು ಮಾಡಿದರೆ, ಓದ್ತಾ ಹೋದ ಹಾಗೆ ಅದರಲ್ಲಿ ಮುಕ್ಕಾಲು ಭಾಗ ನಮ್ಮ ಥರ್ಮೋಡೈನಮಿಕ್ಸ್, ಫ್ಲೂಯಿಡ್ ಮೆಕ್ಯಾನಿಕ್ಸ್, ಎಲೆಕ್ಟ್ರಾನಿಕ್ಸ್ ಅಂತ ಗೊತ್ತಾಯ್ತು. ಅದನ್ನ ಹಂಚಿಕೊಳ್ಳೋಕೆ ಈ ಬರಹ.

ಈ ಅನಿಲ ನಮ್ಮೂರಿನದೇ

ಹೈಡ್ರೋಜನ್ ಸಲ್ಫೈಡ್ ಅಂದರೆ ನಮ್ಮ ಕರಾವಳಿಯವರಿಗೆ ಲ್ಯಾಬಿನ ಕಿಪ್ಸ್ ಉಪಕರಣ ಒಂದೇ ನೆನಪಾಗಬೇಕಿಲ್ಲ. ಕುಮಟಾದಿಂದ ಭಟ್ಕಳಕ್ಕೆ ರೈಲಲ್ಲಿ ಬರುವವರು ಗಮನಿಸಿರಬಹುದು. ಹೊನ್ನಾವರದ ಶರಾವತಿ ಸೇತುವೆ ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು, ಎರಡು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ನೀರು ಇಳಿದ ಹೊತ್ತಿಗೆ ಅದರ ಮೇಲೆ ಹೋದರೆ ಕಿಟಕಿಯಿಂದ ಒಂದು ವಾಸನೆ ಬರತ್ತೆ, ಕೊಳೆತ ಮೊಟ್ಟೆಯ ಥರ. ಅಘನಾಶಿನಿ ಅಳಿವೆಯಲ್ಲಿ ಕಾಂಡ್ಲಾ ಗಿಡಗಳ ಬುಡದ ಕಪ್ಪು ಕೆಸರು ತುಳಿದರೂ ಅದೇ ವಾಸನೆ. ಬಳಚು ಹೆಕ್ಕೋಕೆ ಹೋಗುವವರಿಗೆ ಅದು ದಿನದ ಮಾತು.

ಸಮುದ್ರದ ನೀರಿನಲ್ಲಿ ಸಲ್ಫೇಟ್ ಇರತ್ತೆ. ಕೆಸರಿನ ಒಳಗೆ ಗಾಳಿ ಹೋಗಲ್ಲ. ಅಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಆಕ್ಸಿಜನ್ ಬದಲು ಆ ಸಲ್ಫೇಟನ್ನೇ ಬಳಸಿಕೊಂಡು ಬದುಕ್ತವೆ. ಅವು ಹೊರಗೆ ಬಿಡೋದು ಸಲ್ಫೈಡ್. ಅದರಲ್ಲಿ ಒಂದಿಷ್ಟು ಕೆಸರಿನ ಕಬ್ಬಿಣದ ಜೊತೆ ಸೇರಿ ಕಪ್ಪಾಗತ್ತೆ, ಉಳಿದದ್ದರಲ್ಲಿ ಸ್ವಲ್ಪ ಅನಿಲವಾಗಿ ಮೂಗಿಗೆ ಬರತ್ತೆ.

ಅಘನಾಶಿನಿ ದಂಡೆಯ ನನ್ನ ಅಜ್ಜಿಗೆ ಈ ಪ್ರಯೋಗದ ಬಗ್ಗೆ ಹೇಳಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು, "ಅಲ್ಲ ತಮಾ, ಈ ಹೊಲಸು ವಾಸ್ನೆ ನೋಡೂಕೆ ಅಷ್ಟು ದೊಡ್ಡ ಮಿಷನ್ನಾ?" ಅಂದರು.

"ವಾಸನೆ ಅಲ್ಲ ಅಜ್ಜಿ. ಆ ವಾಸನೆಯ ಎರಡು ಕಣ ಒಂದನ್ನೊಂದು ಹಿಡ್ಕಂಡು ನಿಲ್ತವಾ ಇಲ್ವಾ ಕಾಣೂಕೆ."

"ಈ ಸೆಕೆಯಲ್ಲಿ ಯಾರು ಯಾರನ್ನ ಹಿಡ್ಕಂತಾರೆ? ಚಳಿಯಲ್ಲಾದ್ರೆ ಹೌದು."

ಇಡೀ ಪ್ರಯೋಗದ ಮೊದಲ ಅರ್ಧ ಅಜ್ಜಿಯ ಆ ಮಾತಿನಲ್ಲಿದೆ. ಅದಕ್ಕೆ ಸ್ವಲ್ಪ ಅಂಕಿ ಸೇರಿಸಿದರೆ ಸಾಕು.

ಹಿಡಿತ ಎಷ್ಟು, ಸೆಕೆ ಎಷ್ಟು

ನೀರಿನ ಅಣುವಿನ ಒಳಗೆ ಆಕ್ಸಿಜನ್ ಮತ್ತು ಹೈಡ್ರೋಜನ್ ನಡುವಿನ ಬಂಧ ಮುರಿಯೋಕೆ ಒಂದು ಮೋಲಿಗೆ ಸರಾಸರಿ 460 ಕಿಲೋಜೂಲ್ ಬೇಕು. ಒಂದು ನೀರಿನ ಅಣು ಪಕ್ಕದ ಇನ್ನೊಂದು ನೀರಿನ ಅಣುವನ್ನ ಹಿಡಿದಿರೋದು ಬರೀ 13 ಕಿಲೋಜೂಲಿನಲ್ಲಿ. ಹೈಡ್ರೋಜನ್ ಸಲ್ಫೈಡಿನ ಎರಡು ಅಣುಗಳ ಹಿಡಿತ ಇನ್ನೂ ಸಡಿಲ. ಲೆಕ್ಕಾಚಾರಗಳ ಪ್ರಕಾರ ನೀರಿನ ಹಿಡಿತದ ಮೂರನೇ ಒಂದು ಭಾಗದ ಆಸುಪಾಸು.

ಈಗ ಸೆಕೆ. ನಮ್ಮ ಕೋಣೆಯ ಉಷ್ಣತೆ ಸುಮಾರು 300 ಕೆಲ್ವಿನ್. ಆ ಬಿಸಿಯಲ್ಲಿ ಅಣುಗಳ ಓಡಾಟದ ಶಕ್ತಿಯ ಅಳತೆ, ಅಂದರೆ ಆರ್ ಗುಣಿಸು ಟಿ, ಒಂದು ಮೋಲಿಗೆ 2.5 ಕಿಲೋಜೂಲ್. ಇದು ಸರಾಸರಿಯ ಅಳತೆ ಅಷ್ಟೇ, ಇದಕ್ಕಿಂತ ಜೋರಾಗಿ ಬಂದು ಗುದ್ದುವ ಅಣುಗಳು ಬೇಕಾದಷ್ಟಿರುತ್ತವೆ. ಹಾಗಾಗಿ ಕೆಸರಿನಿಂದ ಎದ್ದ ಹೈಡ್ರೋಜನ್ ಸಲ್ಫೈಡಿನಲ್ಲಿ ಎಲ್ಲೋ ಎರಡು ಅಣು ಜೋಡಿಯಾದರೂ ಮರುಗಳಿಗೆಯಲ್ಲೇ ಯಾರೋ ಬಂದು ಗುದ್ದಿ ಬೇರೆ ಮಾಡ್ತಾರೆ. ನೋಡೋಕೆ ಸಮಯವೇ ಸಿಗಲ್ಲ.

ಹಾಗಾದರೆ ತಣ್ಣಗೆ ಮಾಡಿ ಅಂತೀರಿ. ಅಲ್ಲೇ ತೊಂದರೆ ಇರೋದು. ಭಟ್ಕಳ ಬಂದರಿನಲ್ಲೋ ತದಡಿಯಲ್ಲೋ ಮೀನಿಗೆ ಹಾಕುವ ಐಸ್ ತಯಾರಾಗುವುದನ್ನ ನೆನಪಿಸಿಕೊಳ್ಳಿ. ಐಸ್ ಪ್ಲಾಂಟಿನಲ್ಲಿ ಅಮೋನಿಯಾವನ್ನ ಒತ್ತಿ ದ್ರವ ಮಾಡಿ, ಆಮೇಲೆ ಆವಿಯಾಗೋಕೆ ಬಿಟ್ಟು, ಆ ತಂಪಿನಿಂದ ಉಪ್ಪುನೀರನ್ನ ತಣಿಸಿ, ಅದರಲ್ಲಿ ನೀರಿನ ಡಬ್ಬ ಇಳಿಸ್ತಾರೆ. ಅಂದರೆ ಒಂದು ತಣ್ಣಗಿನ ವಸ್ತುವಿಗೆ ಇನ್ನೊಂದನ್ನ ತಾಗಿಸಿ ತಣಿಸೋದು. ಹೈಡ್ರೋಜನ್ ಸಲ್ಫೈಡನ್ನ ಹೀಗೆ ತಣಿಸಿದರೆ ಅದು ಪಾತ್ರೆಯ ಗೋಡೆಗೆ ದ್ರವವಾಗಿ, ಮತ್ತೂ ತಣಿಸಿದರೆ ಗಟ್ಟಿಯಾಗಿ ಅಂಟಿಕೊಳ್ಳತ್ತೆ. ಆಗ ಒಂದು ಅಣುವಿನ ಸುತ್ತ ಹನ್ನೆರಡು ಅಣು. ಯಾರು ಯಾರನ್ನ ಹಿಡಿದಿದ್ದಾರೆ ಅಂತ ಆ ಗುಂಪಿನಲ್ಲಿ ಹೇಗೆ ಹೇಳೋದು?

ಬೇಕಾದದ್ದು ಇಷ್ಟು: ಮೂರೋ ನಾಲ್ಕೋ ಕೆಲ್ವಿನ್‌ನಷ್ಟು ತಣ್ಣಗಿರಬೇಕು, ಆದರೂ ಅನಿಲವಾಗಿಯೇ ಇರಬೇಕು. ಅಣುಗಳು ಎರಡೆರಡಾಗಿ, ಮೂರು ಮೂರಾಗಿ ಸಣ್ಣ ಗೊಂಚಲು ಕಟ್ಟಬೇಕು, ಆ ಗೊಂಚಲು ಬೇರೆ ಯಾರಿಗೂ ತಾಗದೆ ಒಂಟಿಯಾಗಿ ತೇಲಬೇಕು. ಕ್ಲಸ್ಟರ್ ಅನ್ನೋದಕ್ಕೆ ನಾನಿಲ್ಲಿ ಗೊಂಚಲು ಅಂತಲೇ ಬರೀತೇನೆ.

ನಾಜಲ್ ಲೆಕ್ಕ

ಮೆಕ್ಯಾನಿಕಲ್‌ನವರಿಗೆ ಥರ್ಮೋ ಪೇಪರಿನಲ್ಲಿ ಖಾಯಂ ಬರುವ ಒಂದು ಲೆಕ್ಕ ಇದೆ. ನಾಜಲ್ ಒಳಗೆ ಅನಿಲ ನಿಧಾನಕ್ಕೆ ಹೋಗತ್ತೆ, ಹೊರಗೆ ಜೋರಾಗಿ ಬರತ್ತೆ, ಶಾಖ ಕೊಡಲ್ಲ, ಕೆಲಸ ತಗೊಳ್ಳಲ್ಲ, ಹೊರಬರುವ ವೇಗ ಎಷ್ಟು? ಸ್ಟೆಡಿ ಫ್ಲೋ ಎನರ್ಜಿ ಈಕ್ವೇಶನ್ ಹಾಕ್ತೇವೆ. ಎಂಥಾಲ್ಪಿ ಕಡಿಮೆಯಾದಷ್ಟೂ ವೇಗದ ಶಕ್ತಿ ಹೆಚ್ಚು. ಉತ್ತರದ ಕೆಳಗೆ ಎರಡು ಗೆರೆ ಎಳೆದು ಮುಂದೆ ಹೋಗ್ತೇವೆ.

ಗೊಂಚಲು ಕಟ್ಟುವ ಇಡೀ ವಿದ್ಯೆ ಆ ಲೆಕ್ಕವೇ. ಆರ್ಗಾನ್ ಅನಿಲದಲ್ಲಿ ನೂರಕ್ಕೆ ಒಂದರಷ್ಟು ಹೈಡ್ರೋಜನ್ ಸಲ್ಫೈಡ್ ಬೆರೆಸಿ, ಒಂದೆರಡು ಬಾರ್ ಒತ್ತಡದಲ್ಲಿ ಇಟ್ಟು, ಒಂದು ಮಿಲಿಮೀಟರಿಗಿಂತ ಸಣ್ಣ ತೂತಿನ ಮೂಲಕ ನಿರ್ವಾತದೊಳಗೆ ಬಿಡ್ತಾರೆ. ಆರ್ಗಾನಿನ ಸಿಪಿ ಒಂದು ಕಿಲೋಗ್ರಾಮಿಗೆ, ಒಂದು ಕೆಲ್ವಿನ್‌ಗೆ 520 ಜೂಲ್. ಶುರುವಿನ ಉಷ್ಣತೆ 300 ಕೆಲ್ವಿನ್. ಎಂಥಾಲ್ಪಿ ಪೂರ್ತಿ ವೇಗವಾಗಿ ಬದಲಾಯ್ತು ಅಂತ ಇಟ್ಟುಕೊಂಡರೆ, ಎರಡು ಗುಣಿಸು 520 ಗುಣಿಸು 300, ಅದರ ವರ್ಗಮೂಲ: ಸೆಕೆಂಡಿಗೆ ಸುಮಾರು 560 ಮೀಟರ್. ಗಂಟೆಗೆ ಎರಡು ಸಾವಿರ ಕಿಲೋಮೀಟರ್.

ಇಷ್ಟು ವೇಗದಲ್ಲಿ ಓಡುವ ಅನಿಲ ತಣ್ಣಗಿದೆ ಅನ್ನೋದು ಹೇಗೆ? ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಪ್ಲಾಟ್‌ಫಾರ್ಮಿನಲ್ಲಿ ರೈಲು ಬಂದಾಗಿನ ಗದ್ದಲ ನೋಡಿದ್ದೀರಲ್ಲ. ಒಬ್ಬ ಹತ್ತೋಕೆ ನುಗ್ತಾನೆ, ಒಬ್ಬ ಇಳೀತಾನೆ, ಒಬ್ಬ ಬ್ಯಾಗ್ ಎಳ್ಕೊಂಡು ಅಡ್ಡ ಬರ್ತಾನೆ. ಯಾರೂ ಗಂಟೆಗೆ ಐದು ಕಿಲೋಮೀಟರಿಗಿಂತ ವೇಗವಾಗಿ ಹೋಗ್ತಿಲ್ಲ, ಆದರೆ ಗುದ್ದಾಟ ತುಂಬಾ. ಅದೇ ಜನ ರೈಲು ಹತ್ತಿ ಕೂತ ಮೇಲೆ ಗಂಟೆಗೆ ನೂರು ಕಿಲೋಮೀಟರಿನಲ್ಲಿ ಹೋಗ್ತಿದ್ದಾರೆ, ಆದರೂ ಪಕ್ಕದವರ ಕಪ್ಪಿಗೆ ಚಹಾ ಚೆಲ್ಲದೆ ಹಾಕಬಹುದು. ಉಷ್ಣತೆ ಅಂದರೆ ಪ್ಲಾಟ್‌ಫಾರ್ಮಿನ ಗುದ್ದಾಟದ ಅಳತೆ, ರೈಲಿನ ವೇಗದ ಅಳತೆ ಅಲ್ಲ. ನಾಜಲ್ ಮಾಡುವ ಕೆಲಸ ಎಲ್ಲ ಅಣುಗಳನ್ನ ಒಂದೇ ರೈಲಿಗೆ ಹತ್ತಿಸೋದು. ಎಲ್ಲರೂ ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ವೇಗದಲ್ಲಿ. ಅಕ್ಕಪಕ್ಕದ ಅಣುಗಳ ನಡುವೆ ಗುದ್ದಾಟವೇ ಉಳಿಯಲ್ಲ. ಅದೇ ತಂಪು. ಇಲ್ಲಿ ಯಾವ ತಣ್ಣಗಿನ ಗೋಡೆಗೂ ಅನಿಲ ತಾಗಿಲ್ಲ.

ಎಷ್ಟು ತಂಪು? ಅಡಿಯಾಬ್ಯಾಟಿಕ್ ಸೂತ್ರ ನಿಮಗೆ ಗೊತ್ತಿದೆ. ಆರ್ಗಾನ್ ಒಂಟಿ ಪರಮಾಣುವಿನ ಅನಿಲ, ಗಾಮಾ 5/3. ಹಾಗಾಗಿ ಒತ್ತಡದ ಅನುಪಾತದ ಘಾತ 0.4. ಒತ್ತಡ ಒಂದು ಲಕ್ಷದಲ್ಲಿ ಒಂದು ಪಾಲಿಗೆ ಇಳಿದರೆ ಉಷ್ಣತೆ 300ರಿಂದ 3 ಕೆಲ್ವಿನ್‌ಗೆ ಇಳಿಯತ್ತೆ. ಇದೇ ಲೆಕ್ಕ ಗಾಳಿಗೆ ಮಾಡಿ ನೋಡಿ, ಗಾಮಾ 1.4 ಹಾಕಿ. ಅಷ್ಟೇ ಒತ್ತಡ ಇಳಿದರೂ 11 ಕೆಲ್ವಿನ್‌ನ ಹತ್ತಿರ ನಿಲ್ಲತ್ತೆ. ಗಾಳಿಯ ಅಣುಗಳು ತಿರುಗೋದರಲ್ಲೂ ಶಕ್ತಿ ಇಟ್ಟುಕೊಂಡಿರುತ್ತವೆ, ಅದನ್ನೂ ಹೊರಗೆ ಹಾಕಬೇಕು. ಆರ್ಗಾನಿಗೆ ಆ ತಾಪತ್ರಯ ಇಲ್ಲ. ಹೀಲಿಯಂ, ನಿಯಾನ್ ಕೂಡ ಬಳಸ್ತಾರೆ. 3 ಕೆಲ್ವಿನ್‌ನಲ್ಲಿ ಆರ್ಗಾನಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 32 ಮೀಟರ್ ಅಷ್ಟೇ. ಅಣುಗಳು ಓಡ್ತಿರೋದು 560ರಲ್ಲಿ. ಅಂದರೆ ಮ್ಯಾಕ್ 17. ಇದಕ್ಕೆ ಸೂಪರ್‌ಸಾನಿಕ್ ಜೆಟ್ ಅಂತ ಹೆಸರು ಬಂದದ್ದು ಸುಮ್ಮನೆ ಅಲ್ಲ.

ಈ ಉಪಾಯವನ್ನ 1951ರಲ್ಲಿ ಬರೆದು ತೋರಿಸಿದವರು ಆರ್ಥರ್ ಕಾಂಟ್ರೋವಿಟ್ಜ್ ಮತ್ತು ಜೆರ್ರಿ ಗ್ರೇ. ಇಬ್ಬರೂ ಅನಿಲಗಳ ವೇಗದ ಹರಿವನ್ನ ಓದಿದ ಏರೋ ಕಡೆಯವರು. ಕೆಮಿಸ್ಟ್ರಿಯವರಿಗೆ ತಂಪು ಕೊಟ್ಟವರು ರಾಕೆಟ್ ನಾಜಲ್ ಗೊತ್ತಿದ್ದ ಜನ.

ಗೊಂಚಲು ಕಟ್ಟೋಕೆ ಮೂರನೆಯವನು ಬೇಕು

ಎರಡು ಅಣು ಹತ್ತಿರ ಬಂದ ಮಾತ್ರಕ್ಕೆ ಜೋಡಿ ಆಗಲ್ಲ. ಹತ್ತಿರ ಬರುವಾಗ ಅವುಗಳ ನಡುವಿನ ಸೆಳೆತದಿಂದ ವೇಗ ಹೆಚ್ಚಾಗತ್ತೆ, ಆ ವೇಗದಲ್ಲೇ ಒಂದನ್ನೊಂದು ದಾಟಿ ಹೋಗಿಬಿಡ್ತವೆ. ಆ ಹೆಚ್ಚುವರಿ ಶಕ್ತಿಯನ್ನ ಯಾರಾದರೂ ಹೊತ್ತುಕೊಂಡು ಹೋಗಬೇಕು. ಆ ಕೆಲಸ ಮಾಡೋದು ಆರ್ಗಾನ್ ಪರಮಾಣು. ನಾಜಲ್ ಬಾಯಿಯ ಹತ್ತಿರ ಅನಿಲ ಇನ್ನೂ ದಟ್ಟವಾಗಿರುವಾಗ ಮೂವರು ಒಟ್ಟಿಗೆ ಸೇರುವ ಸಂದರ್ಭ ಬರತ್ತೆ. ಆರ್ಗಾನ್ ಶಕ್ತಿ ಹೊತ್ತು ಓಡತ್ತೆ, ಉಳಿದ ಎರಡು ಜೋಡಿಯಾಗಿ ನಿಲ್ತವೆ. ಸ್ವಲ್ಪ ಮುಂದೆ ಹೋದರೆ ಅನಿಲ ಎಷ್ಟು ತೆಳ್ಳಗಾಗಿರತ್ತೆ ಅಂದರೆ ಮತ್ತೆ ಯಾರೂ ಯಾರಿಗೂ ತಾಗಲ್ಲ. ಕಟ್ಟಿಕೊಂಡ ಗೊಂಚಲು ಹಾಗೇ ಉಳಿಯತ್ತೆ, ಒಡೆಯೋಕೆ ಯಾರೂ ಇಲ್ಲ.

ಅದು ಎಷ್ಟು ಹೊತ್ತು ಉಳಿಯತ್ತೆ? ನಿರ್ವಾತದ ಡಬ್ಬದಲ್ಲಿ ಅರ್ಧ ಮೀಟರ್ ದಾರಿ ಇದ್ದರೆ, ಸೆಕೆಂಡಿಗೆ 560 ಮೀಟರ್ ವೇಗದಲ್ಲಿ ಒಂದು ಮಿಲಿಸೆಕೆಂಡೂ ಇಲ್ಲ. ನೋಡೋದು ಏನಿದ್ದರೂ ಅಷ್ಟರಲ್ಲೇ ಆಗಬೇಕು.

ತೂತು ಯಾವಾಗಲೂ ತೆರೆದಿದ್ದರೆ ಯಾವ ಪಂಪಿಗೂ ಡಬ್ಬವನ್ನ ನಿರ್ವಾತವಾಗಿ ಇಡೋಕೆ ಆಗಲ್ಲ. ಅದಕ್ಕೆ ಸೊಲೆನಾಯ್ಡ್ ವಾಲ್ವ್ ಇಟ್ಟು ಸೆಕೆಂಡಿಗೆ ಕೆಲವೇ ಸಲ, ಒಂದೊಂದು ಸಲಕ್ಕೆ ಮಿಲಿಸೆಕೆಂಡಿನ ಆಸುಪಾಸು ತೆರೆದು ಮುಚ್ಚತಾರೆ. ಮಧ್ಯದ ಬಿಡುವಿನಲ್ಲಿ ಪಂಪು ಉಸಿರೆಳೆದುಕೊಳ್ಳತ್ತೆ.

ಗಂಟೆ ಹೊಡೆದು ಕಿವಿ ಕೊಡೋದು

ಗೊಂಚಲು ಕಟ್ಟಿದ್ದಾಯ್ತು. ಆದರೆ ಇದೆ ಅಂತ ಗೊತ್ತಾಗೋದು ಹೇಗೆ? ಬಣ್ಣ ಇಲ್ಲ, ಮೂಗಿಗೆ ಬರಲ್ಲ, ಮೈಕ್ರೋಸ್ಕೋಪಿಗೆ ಸಿಗಲ್ಲ.

ದೇವಸ್ಥಾನದ ಗಂಟೆ ಹೊಡೆದ ಮೇಲೆ ಸ್ವಲ್ಪ ಹೊತ್ತು ಗುಂಯ್ ಅಂತ ನಾದ ಉಳಿಯತ್ತಲ್ಲ, ಅದರ ಸ್ವರ ಕೇಳಿ ಗಂಟೆ ದೊಡ್ಡದೋ ಸಣ್ಣದೋ ಹೇಳಬಹುದು. ಇಲ್ಲೂ ಹಾಗೇ. ಎರಡು ಅಲ್ಯೂಮಿನಿಯಂ ನಿಮ್ನ ಕನ್ನಡಿಗಳನ್ನ ಎದುರುಬದುರು ಇಟ್ಟು, ಅವುಗಳ ನಡುವೆ ಮೈಕ್ರೋವೇವ್ ಅಲೆ ಹಿಂದಕ್ಕೂ ಮುಂದಕ್ಕೂ ಪುಟಿಯುವ ಹಾಗೆ ಮಾಡ್ತಾರೆ. ಅನಿಲದ ಜೆಟ್ ಆ ನಡುವೆ ಬಂದಾಗ ಒಂದು ಮೈಕ್ರೋಸೆಕೆಂಡಿನಷ್ಟು ಸಣ್ಣ ಮೈಕ್ರೋವೇವ್ ಹೊಡೆತ. ಅದರ ಆವರ್ತನ ಗೊಂಚಲು ತಿರುಗುವ ಆವರ್ತನಕ್ಕೆ ಸರಿಹೊಂದಿದರೆ ಎಲ್ಲ ಗೊಂಚಲುಗಳೂ ತಾಳ ಹಿಡಿದು ಒಟ್ಟಿಗೆ ತಿರುಗ್ತವೆ. ಹೊಡೆತ ನಿಲ್ಲಿಸಿ, ಕನ್ನಡಿಗಳ ನಡುವಿನ ಪ್ರತಿಧ್ವನಿ ಅಡಗುವವರೆಗೆ ಕಾದು, ಆಮೇಲೆ ರಿಸೀವರ್ ತೆರೀತಾರೆ. ಅಣುಗಳು ತಾವೇ ಅದೇ ಆವರ್ತನದಲ್ಲಿ ಸುಮಾರು ನೂರು ಮೈಕ್ರೋಸೆಕೆಂಡು ಸಣ್ಣಗೆ ಗುನುಗ್ತಿರ್ತವೆ. ಆ ಸಿಗ್ನಲ್ ತಗೊಂಡು ಫೂರಿಯೇ ಟ್ರಾನ್ಸ್‌ಫಾರ್ಮ್ ಮಾಡಿದರೆ ಒಂದು ಚೂಪು ಗೆರೆ. ಒಂದು ಸಲದಲ್ಲಿ ಕೇಳಿಸದಿದ್ದರೆ ಸಾವಿರ ಸಲ ಮಾಡಿ ಕೂಡಿಸ್ತಾರೆ. ಸಿಗ್ನಲ್ ಸಾವಿರ ಪಟ್ಟು ಬೆಳೆಯತ್ತೆ, ಗದ್ದಲ ಅದರ ವರ್ಗಮೂಲದಷ್ಟೇ, ಅಂದರೆ 32 ಪಟ್ಟು. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಕ್ಲಾಸಿನಲ್ಲಿ 'ಇದೆಲ್ಲ ಎಲ್ಲಿ ಬಳಸ್ತಾರೆ ಸರ್' ಅಂತ ಕೇಳುವ ಇಸಿ ಗೆಳೆಯರಿಗೆ ಇದು ಉತ್ತರ.

ಅಮೆರಿಕದ ಇಲಿನಾಯ್‌ನಲ್ಲಿ ಬ್ಯಾಲೆ ಮತ್ತು ಫ್ಲೈಗೇರ್ ಎಂಬಿಬ್ಬರು ಈ ಯಂತ್ರ ಕಟ್ಟಿ 1981ರಲ್ಲಿ ಅದರ ವಿವರ ಪ್ರಕಟಿಸಿದರು. ಈ ಶತಮಾನದ ಆರಂಭದಲ್ಲಿ ಅರುಣನ್ ಅವರ ಗುಂಪು ಅಂಥದೇ ಯಂತ್ರವನ್ನ ಬೆಂಗಳೂರಿನಲ್ಲಿ ಕಟ್ಟಿತು. ಇದರ ಕಷ್ಟ ಏನು ಅಂದರೆ ಎರಡು ಕನ್ನಡಿಗಳ ನಡುವೆ ಒಂದು ಸಲಕ್ಕೆ ಸುಮಾರು ಒಂದು ಮೆಗಾಹರ್ಟ್ಸ್ ಪಟ್ಟಿಯಷ್ಟೇ ಕೇಳಿಸತ್ತೆ. ಗೆರೆ ಎಲ್ಲಿದೆ ಗೊತ್ತಿಲ್ಲದೆ 500 ಮೆಗಾಹರ್ಟ್ಸ್ ಹುಡುಕಬೇಕಾದರೆ ಮೋಟರಿನಿಂದ ಕನ್ನಡಿ ಸ್ವಲ್ಪ ಸರಿಸು, ಹೊಡಿ, ಕೇಳು, ಕೂಡಿಸು, ಮತ್ತೆ ಸರಿಸು. ಇದನ್ನೇ ಐನೂರು ಸಲ. ಈಗ ಒಂದೇ ಹೊಡೆತಕ್ಕೆ 11 ಗಿಗಾಹರ್ಟ್ಸ್ ಅಗಲ ಕೇಳುವ ಯಂತ್ರಗಳೂ ಬಂದಿವೆ, ವರ್ಜೀನಿಯಾದ ಬ್ರೂಕ್ಸ್ ಪೇಟ್ ಅವರ ಗುಂಪು ಮಾಡಿದ್ದು. ಆದರೆ ತೀರಾ ಸಣ್ಣ ಸ್ವರಕ್ಕೆ ಹಳೆಯ ಕನ್ನಡಿಗಳ ಕಿವಿ ಇನ್ನೂ ಬೇಕು.

ಸ್ವರದಿಂದ ಆಕಾರ

ಗೆರೆ ಸಿಕ್ಕಿತು. ಅದು ಯಾರ ಸ್ವರ? ಇಲ್ಲಿ ಬರೋದು ಮೊಮೆಂಟ್ ಆಫ್ ಇನರ್ಷಿಯಾ. ಡೊಳ್ಳು ಹೊಟ್ಟೆಯ ಫ್ಲೈವೀಲಿಗೂ ತೆಳ್ಳಗಿನ ಸರಳಿಗೂ ತಿರುಗುವ ರೀತಿ ಬೇರೆ ಇರುವ ಹಾಗೆ ಗೊಂಚಲಿಗೂ ಅದರದ್ದೇ ಇನರ್ಷಿಯಾ ಇದೆ. ಅಣುಗಳು ಇಷ್ಟ ಬಂದ ವೇಗದಲ್ಲಿ ತಿರುಗೋಕೆ ಆಗಲ್ಲ, ಕ್ವಾಂಟಂ ನಿಯಮ ಕೆಲವೇ ವೇಗಗಳಿಗೆ ಒಪ್ಪತ್ತೆ. ಹಾಗಾಗಿ ಗೆರೆಗಳು ಹೆಚ್ಚುಕಡಿಮೆ ಸಮ ಅಂತರದಲ್ಲಿ ಬರ್ತವೆ, ಆ ಅಂತರ ಇನರ್ಷಿಯಾಕ್ಕೆ ವಿಲೋಮ.

ಕಾಗದದ ಮೇಲೆ ನೀವೇ ಮಾಡಬಹುದು. ತಲಾ 34 ತೂಕದ ಎರಡು ಉಂಡೆ, ನಡುವೆ 4.1 ಆಂಗ್‌ಸ್ಟ್ರಾಂ ದೂರ ಅಂತ ಹಿಡಿಯಿರಿ. ಗೆರೆಗಳ ಅಂತರ ಸುಮಾರು 3.5 ಗಿಗಾಹರ್ಟ್ಸ್ ಬರತ್ತೆ. ನಮ್ಮ ಹಾಸ್ಟೆಲ್ ವೈಫೈ 2.4 ಮತ್ತು 5 ಗಿಗಾಹರ್ಟ್ಸ್‌ನಲ್ಲಿ ಓಡತ್ತೆ, ಎರಡು ಹೈಡ್ರೋಜನ್ ಸಲ್ಫೈಡ್ ಕೈ ಹಿಡಿದು ತಿರುಗುವ ಸ್ವರ ಅವೆರಡರ ನಡುವೆ. ನೀರಿನ ಜೋಡಿಗೆ ಇದೇ ಲೆಕ್ಕ ಹಾಕಿ, 18 ತೂಕ, 2.98 ಆಂಗ್‌ಸ್ಟ್ರಾಂ. 12 ಗಿಗಾಹರ್ಟ್ಸ್ ದಾಟತ್ತೆ. ನೀರಿನ ಜೋಡಿಯ ರಚನೆಯನ್ನ ಡೈಕ್ ಮತ್ತು ಮುಯೆಂಟರ್ 1974ರಲ್ಲೇ ಅಳೆದಿದ್ದರು. ಹೈಡ್ರೋಜನ್ ಸಲ್ಫೈಡ್ ಜೋಡಿಯ ಬಗ್ಗೆ ಪಕ್ಕಾ ಮಾತು ಬರೋಕೆ ಅಲ್ಲಿಂದ 44 ವರ್ಷ ಹಿಡಿಯಿತು.

ಗೆರೆ ಸಿಕ್ಕಿದ ಮೇಲೂ ಪತ್ತೇದಾರಿಕೆ ಇದೆ. ಡಬ್ಬದಲ್ಲಿ ಆರ್ಗಾನೂ ಇದೆಯಲ್ಲ, ಅದೂ ಹೈಡ್ರೋಜನ್ ಸಲ್ಫೈಡಿನ ಜೊತೆ ಜೋಡಿ ಆಗಬಹುದು. ಆರ್ಗಾನ್ ತೆಗೆದು ಹೀಲಿಯಂ ಹಾಕಿ ನೋಡಬೇಕು. ಗೆರೆ ಹೋದರೆ ಅದು ಆರ್ಗಾನಿನ ಗೊಂಚಲು, ಉಳಿದರೆ ಆರ್ಗಾನಿಗೂ ಅದಕ್ಕೂ ಸಂಬಂಧ ಇಲ್ಲ. ಇನ್ನು ಇನರ್ಷಿಯಾ ಮುಖ್ಯವಾಗಿ ಹೇಳೋದು ಎರಡು ಸಲ್ಫರಿನ ನಡುವಿನ ದೂರ. ಹೈಡ್ರೋಜನ್ ಎತ್ತ ಮುಖ ಮಾಡಿದೆ ಅನ್ನೋದೇ ನಮ್ಮ ಪ್ರಶ್ನೆ. ಅದಕ್ಕೆ ಹೈಡ್ರೋಜನ್ ಬದಲು ಅದರ ಎರಡು ಪಟ್ಟು ತೂಕದ ಡ್ಯೂಟೀರಿಯಂ ಹಾಕ್ತಾರೆ. ಯಾವ ಜಾಗದಲ್ಲಿ ತೂಕ ಹೆಚ್ಚಾಯ್ತೋ ಅದಕ್ಕೆ ತಕ್ಕ ಹಾಗೆ ಗೆರೆಗಳು ಜರುಗ್ತವೆ, ಎಷ್ಟು ಜರುಗಿದವು ಅನ್ನೋದರಿಂದ ಆ ಪರಮಾಣು ಎಲ್ಲಿತ್ತು ಅಂತ ಹಿಂದಕ್ಕೆ ಲೆಕ್ಕ ಹಾಕಬಹುದು. ಫ್ಲೈವೀಲಿಗೆ ಬೇರೆ ಬೇರೆ ಕಡೆ ಸಣ್ಣ ತೂಕ ಕಟ್ಟಿ ನೋಡಿದ ಹಾಗೆ.

ಕೊನೆಗೆ ಸಿಕ್ಕಿದ ಚಿತ್ರ: ಒಂದು ಅಣುವಿನ ಹೈಡ್ರೋಜನ್ ನೇರವಾಗಿ ಇನ್ನೊಂದರ ಸಲ್ಫರಿನ ಕಡೆ ಚಾಚಿಕೊಂಡಿದೆ. ಒಬ್ಬ ಕೊಡುವವನು, ಒಬ್ಬ ತಗೊಳ್ಳುವವನು. ನೀರಿನ ಜೋಡಿಯದ್ದೂ ಇದೇ ಆಕಾರ.

ಹಾಗಾದರೆ ಎರಡು ಮಾರ್ಕಿನ ಉತ್ತರ?

ಕುದಿಬಿಂದುವಿನ ವ್ಯತ್ಯಾಸ ಎಲ್ಲಿಗೂ ಹೋಗಿಲ್ಲ. ನೀರಿನ ಹಿಡಿತ ಬಲವಾದದ್ದು, ಕೋಣೆಯ ಸೆಕೆಯನ್ನ ತಾಳಿಕೊಳ್ಳತ್ತೆ. ಹೈಡ್ರೋಜನ್ ಸಲ್ಫೈಡಿನ ಹಿಡಿತ ಎಳೆಯದು, ಬಿಸಿಯಲ್ಲಿ ಅಣು ಗಿರಗಿರ ತಿರುಗೋಕೆ ಶುರು ಮಾಡತ್ತೆ. ತಿರುಗುವ ಅಣುವಿಗೆ ಕೈ ಯಾವ ಕಡೆ ಅಂತ ಇಲ್ಲ, ದೂರದಿಂದ ಲಿಂಬೆಹಣ್ಣಿನ ಥರ ಗುಂಡಗೆ ಕಾಣತ್ತೆ. ಹನ್ನೆರಡು ನೆರೆಹೊರೆಯೂ ಅದಕ್ಕೇ. 'ಬಂಧ ಇಲ್ಲ' ಅನ್ನುವ ಬದಲು 'ಬಂಧ ಇದೆ, ಈ ಸೆಕೆಯಲ್ಲಿ ನಿಲ್ಲುವಷ್ಟು ಬಲ ಇಲ್ಲ' ಅಂತ ಬರೆದರೆ ಪ್ರಕೃತಿಗೆ ಹತ್ತಿರ. ಪರೀಕ್ಷೆಯಲ್ಲಿ ಏನು ಬರೀಬೇಕು ಅಂತ ಜೂನಿಯರ್ಸ್ ಕೇಳಿದರೆ, ಸದ್ಯಕ್ಕೆ ಪುಸ್ತಕದ್ದೇ ಬರೀರಿ ಅಂತ ಹೇಳ್ತೇನೆ, ಆದರೆ ಇದನ್ನೂ ತಿಳಿದುಕೊಂಡು ಬರೀರಿ.

ಹೈಡ್ರೋಜನ್ ಬಂಧ ಅಂದರೆ ಏನು ಅನ್ನುವ ವ್ಯಾಖ್ಯೆಯೇ ಈ ಮಧ್ಯೆ ಬದಲಾಗಿದೆ. ಫ್ಲೋರಿನ್, ಆಕ್ಸಿಜನ್, ನೈಟ್ರೋಜನ್ ಈ ಮೂರರ ಜೊತೆ ಮಾತ್ರ ಅಂತ ನಾವೆಲ್ಲ ಓದಿದ್ದು. 2011ರಲ್ಲಿ ಐಯುಪಿಎಸಿ ಹೊಸ ವ್ಯಾಖ್ಯೆ ಕೊಟ್ಟಿತು. ಅದನ್ನ ಬರೆದ ಸಮಿತಿಯ ಅಧ್ಯಕ್ಷರು ಇದೇ ಅರುಣನ್. ಹೈಡ್ರೋಜನ್ ಅಂಟಿಕೊಂಡಿರುವ ಪರಮಾಣು ಹೈಡ್ರೋಜನ್‌ಗಿಂತ ಹೆಚ್ಚು ಎಲೆಕ್ಟ್ರೋನೆಗೆಟಿವ್ ಆಗಿರಬೇಕು, ಬಂಧ ಆಗಿದೆ ಅನ್ನೋದಕ್ಕೆ ಪುರಾವೆ ಇರಬೇಕು, ಇದು ಅದರ ಸಾರ. ಮೂರೇ ಹೆಸರಿನ ಪಟ್ಟಿ ಇಲ್ಲ. ನನಗೆ ಹಿಡಿಸಿದ್ದು ಆ ಪುರಾವೆ ಅನ್ನುವ ಮಾತು. ಪಟ್ಟಿ ನೋಡಿ ತೀರ್ಮಾನ ಮಾಡೋದಲ್ಲ, ಅಳೆದು ನೋಡಬೇಕು.

ಪ್ರಯೋಜನ ಏನು ಅಂದರೆ

ಸೆಮಿನಾರ್ ಮುಗಿದ ಮೇಲೆ ಗೆಳೆಯನೊಬ್ಬ ಕೇಳಿದ, "ಎಲ್ಲ ಸರಿ ಮಾರಾಯ, ಇದರಿಂದ ಏನಾಗತ್ತೆ?" ನ್ಯಾಯವಾದ ಪ್ರಶ್ನೆ. ನಮ್ಮ ದೇಹದ ಪ್ರೋಟೀನುಗಳಲ್ಲಿ ಸಲ್ಫರ್ ಇರುವ ಅಮೈನೋ ಆಮ್ಲಗಳಿವೆ, ಅವು ಯಾವುದನ್ನ ಎಷ್ಟು ಹಿಡಿದಿವೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವರಿಗೆ ತಾಳೆ ನೋಡೋಕೆ ಇಂಥ ಶುದ್ಧ ಅಳತೆ ಬೇಕು. ಗಾಳಿಯಲ್ಲಿ ಹೊಸ ಕಣಗಳು ಹುಟ್ಟುವಾಗ ಮೊದಲು ಆಗೋದು ಕೆಲವೇ ಅಣುಗಳ ಗೊಂಚಲು. ಬಾಹ್ಯಾಕಾಶದಲ್ಲಿ ಯಾವ ಅಣು ಇದೆ ಅಂತ ರೇಡಿಯೋ ದೂರದರ್ಶಕದಲ್ಲಿ ಗುರುತಿಸೋದೂ ಇದೇ ತಿರುಗುವ ಗೆರೆಗಳಿಂದ. ಇಷ್ಟು ಹೇಳಿದೆ. ಪ್ಲೇಸ್‌ಮೆಂಟಿಗೆ ನೇರ ಸಹಾಯ ಇಲ್ಲ ಅಂತಲೂ ಹೇಳಿದೆ.

ಹೇಳದೆ ಉಳಿದದ್ದು ಒಂದಿದೆ. ಮೆಕ್ಯಾನಿಕಲ್ ತಗೊಂಡಾಗಿನಿಂದ ಊರಿನಲ್ಲಿ ಯಾರಾದರೂ ಸಿಕ್ಕರೆ 'ಸಿಎಸ್ ಸಿಗಲಿಲ್ವಾ' ಅಂತಾರೆ. ಈ ಯಂತ್ರದ ಬಗ್ಗೆ ಓದುವಾಗ ನನಗೆ ಕಂಡದ್ದು ಬೇರೆ. ಎಂಬತ್ತು ವರ್ಷದ ವಾದವೊಂದು ಬಗೆಹರಿಯೋಕೆ ಹೊಸ ಸಿದ್ಧಾಂತ ಬೇಕಾಗಿರಲಿಲ್ಲ. ಸೋರದ ಡಬ್ಬ, ಸರಿಯಾದ ಹೊತ್ತಿಗೆ ತೆರೆದು ಮುಚ್ಚುವ ವಾಲ್ವ್, ನಯವಾಗಿ ಕಡೆದ ಎರಡು ಕನ್ನಡಿ, ಗದ್ದಲ ಇಲ್ಲದ ಆಂಪ್ಲಿಫೈಯರ್, ರಾತ್ರಿಯಿಡೀ ಕೂಡಿಸುತ್ತಾ ಕೂರುವ ಪ್ರೋಗ್ರಾಂ ಬೇಕಾಗಿತ್ತು. ಇದರಲ್ಲಿ ಯಾವ ಬ್ರ್ಯಾಂಚಿನವರು ಬೇಡ ಹೇಳಿ?

ಬೇಸಿಗೆ ರಜೆಗೆ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಸಂಶೋಧನಾ ಫೆಲೋಶಿಪ್ ಇದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು, ಎರಡು ತಿಂಗಳು ಒಂದು ಲ್ಯಾಬಿನಲ್ಲಿ ಕೆಲಸ ಮಾಡಬಹುದು. ನಮ್ಮ ಕ್ಯಾಂಪಸ್ಸಿನಲ್ಲಿ ಇದರ ಬಗ್ಗೆ ಮಾತಾಡುವವರು ಕಡಿಮೆ. ಈ ಸಲ ನಾನು ಹಾಕ್ತಿದ್ದೇನೆ. ಜೊತೆಗೆ ಯಾರಾದರೂ ಹಾಕುವವರಿದ್ದರೆ ಹೇಳಿ, ಪ್ರಪೋಸಲ್ ಒಟ್ಟಿಗೆ ಕೂತು ಬರೆಯೋಣ. ನಾಜಲ್ ಲೆಕ್ಕ ನಾನು ಹೇಳಿಕೊಡ್ತೇನೆ, ಫೂರಿಯೇ ಟ್ರಾನ್ಸ್‌ಫಾರ್ಮ್ ನನಗೆ ಯಾರಾದರೂ ಇಸಿಯವರು ಸರಿಯಾಗಿ ಹೇಳಿಕೊಡಬೇಕು.